ಆಕ್ಸೆಸ್ ಫಾರ್ಮ್ ಹೊಸ ದಾಖಲೆಯನ್ನೂ ತಿದ್ದುಪಡಿಯನ್ನೂ ಸ್ವೀಕರಿಸದಿದ್ದರೆ: ಕಡತದಿಂದ ಫಾರ್ಮ್‌ವರೆಗೆ ಹಂತ ಹಂತದ ಪರಿಶೀಲನೆ

ಸದಸ್ಯರ ಯಾದಿ, ದೇಣಿಗೆಯ ರಸೀದಿ, ಗ್ರಂಥಾಲಯದ ಪುಸ್ತಕಪಟ್ಟಿ, ಹೋಟೆಲಿನ ದಾಸ್ತಾನು: ಮುಂಬಯಿಯ ನಮ್ಮ ಸಂಘಸಂಸ್ಥೆಗಳ ಮತ್ತು ಸಣ್ಣ ಉದ್ದಿಮೆಗಳ ಇಂಥ ಎಷ್ಟೋ ಲೆಕ್ಕಪತ್ರಗಳು ಇಂದಿಗೂ ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ತಂತ್ರಾಂಶದ ಕಡತಗಳಲ್ಲಿವೆ. ಆ ಕಡತವನ್ನು ಸಿದ್ಧಪಡಿಸಿಕೊಟ್ಟವರು ಕೆಲಸ ಬದಲಿಸಿಯೋ ಊರಿಗೆ ಮರಳಿಯೋ ಕೈಗೆ ಸಿಗದಿರುವಾಗ ವಿವರ ತುಂಬುವ ಪುಟವಾದ ಫಾರ್ಮ್ ಒಂದು ದಿನ ಹೊಸ ಹೆಸರನ್ನು ಸೇರಿಸಲು ಬಿಡುವುದಿಲ್ಲ, ಇಲ್ಲವೇ ಹಳೆಯ ವಿಳಾಸವನ್ನು ತಿದ್ದಲು ಬಿಡುವುದಿಲ್ಲ. ಹೆಚ್ಚಿನವರು ಆಗ ಮೊದಲು ಫಾರ್ಮ್‌ನ ವಿನ್ಯಾಸವನ್ನು ತೆರೆದು ಕೈಗೆ ಸಿಕ್ಕ ಗುಣಲಕ್ಷಣಗಳನ್ನೆಲ್ಲ ಬದಲಿಸುತ್ತಾರೆ. ಮೂಲದ ತೊಂದರೆ ಹಾಗೆಯೇ ಉಳಿದು, ಅದರ ಮೇಲೆ ಹೊಸದೊಂದು ತೊಂದರೆ ಸೇರಿಕೊಳ್ಳುತ್ತದೆ.

ಫಾರ್ಮ್ ಎನ್ನುವುದು ಎಲ್ಲಕ್ಕಿಂತ ಮೇಲಿನ ಪದರ. ಅದರ ಕೆಳಗೆ ಕ್ವೆರಿ (ಬೇಕಾದ ದಾಖಲೆಗಳನ್ನು ಆಯ್ದು ತರುವ ಪ್ರಶ್ನೆ), ಕ್ವೆರಿಯ ಕೆಳಗೆ ಟೇಬಲ್ (ದಾಖಲೆಗಳು ಸಾಲುಸಾಲಾಗಿ ಉಳಿಯುವ ಕೋಷ್ಟಕ), ಟೇಬಲ್‌ನ ಕೆಳಗೆ ಕಡತ ಇರುತ್ತವೆ. ಕೆಳಗಿನ ಯಾವುದೇ ಪದರದಲ್ಲಿ ಬರೆಯಲು ಸಾಧ್ಯವಾಗದಿದ್ದರೆ ಮೇಲಿನ ಪದರದಲ್ಲಿ ಏನು ಮಾಡಿದರೂ ಪ್ರಯೋಜನವಿಲ್ಲ. ಆದ್ದರಿಂದ ಪರಿಶೀಲನೆ ಕೆಳಗಿನಿಂದ ಮೇಲಕ್ಕೆ ಸಾಗಬೇಕು; ಬರವಣಿಗೆ ಮೊದಲು ಎಲ್ಲಿ ನಿಲ್ಲುತ್ತದೆಯೋ ದುರಸ್ತಿ ಅಲ್ಲಿಯೇ ನಡೆಯಬೇಕು.

## ಕೈ ಹಾಕುವ ಮೊದಲು ಬೇಕಾದದ್ದು

ಎಲ್ಲರೂ ಕಡತವನ್ನು ಮುಚ್ಚಿದ ಮೇಲೆ ಅದರ ಪೂರ್ಣ ಪ್ರತಿಯೊಂದನ್ನು ದಿನಾಂಕಸಹಿತ ಹೆಸರಿನಲ್ಲಿ ಬೇರೆ ಜಾಗದಲ್ಲಿ ತೆಗೆದಿಡಿ. ಕಡತ ಎರಡು ಭಾಗವಾಗಿದ್ದರೆ, ಅಂದರೆ ಫಾರ್ಮ್‌ಗಳದು ಒಂದು ಮತ್ತು ಟೇಬಲ್‌ಗಳದು ಇನ್ನೊಂದಾಗಿದ್ದರೆ, ಎರಡರ ಪ್ರತಿಯೂ ಬೇಕು. ಆಕ್ಸೆಸ್‌ನ ಪೂರ್ಣ ಆವೃತ್ತಿ ನಿಮ್ಮಲ್ಲಿರಬೇಕು. ರನ್‌ಟೈಮ್ ಆವೃತ್ತಿಯಲ್ಲಿ ವಿನ್ಯಾಸವನ್ನು ತಿದ್ದುವ ಡಿಸೈನ್ ವ್ಯೂ ಸಿಗುವುದಿಲ್ಲ. ಕಡತದ ಹೆಸರು ಎಸಿಸಿಡಿಇ ಎಂದು ಮುಗಿಯುತ್ತಿದ್ದರೆ ಫಾರ್ಮ್‌ನ ವಿನ್ಯಾಸವನ್ನೂ ಕೋಡನ್ನೂ ಅದರಲ್ಲಿ ತಿದ್ದಲಾಗದು, ಮೂಲ ಎಸಿಸಿಡಿಬಿ ಕಡತವನ್ನೇ ಹುಡುಕಬೇಕು.

ಮೂರು ಕೀಲಿಗಳು ಕೊನೆಯವರೆಗೂ ಕೆಲಸಕ್ಕೆ ಬರುತ್ತವೆ. ಎಫ್ 11 ಒತ್ತಿದರೆ ಎಡಬದಿಯ ನ್ಯಾವಿಗೇಶನ್ ಪೇನ್ ಕಾಣುತ್ತದೆ. ಡಿಸೈನ್ ವ್ಯೂನಲ್ಲಿ ಎಫ್ 4 ಒತ್ತಿದರೆ ಗುಣಲಕ್ಷಣಗಳ ಪಟ್ಟಿಯಾದ ಪ್ರಾಪರ್ಟಿ ಶೀಟ್ ತೆರೆಯುತ್ತದೆ. ಕಡತ ತೆರೆಯುವಾಗ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದರೆ, ಆ ಸೌಲಭ್ಯವನ್ನು ಯಾರೂ ಮುಚ್ಚಿಡದಿದ್ದ ಪಕ್ಷದಲ್ಲಿ, ಆರಂಭದಲ್ಲಿ ತಾನಾಗಿ ತೆರೆದುಕೊಳ್ಳುವ ಮೆನು ಫಾರ್ಮ್ ಬಾರದೆ ನೇರವಾಗಿ ಒಳಗೆ ಹೋಗಬಹುದು.

## ಹಂತ 1: ಲಕ್ಷಣವನ್ನು ಸರಿಯಾಗಿ ಓದಿಕೊಳ್ಳುವುದು

‘ಫಾರ್ಮ್ ಕೆಲಸ ಮಾಡುತ್ತಿಲ್ಲ’ ಎಂಬ ಒಂದೇ ಮಾತಿನಲ್ಲಿ ಜನ ಕನಿಷ್ಠ ನಾಲ್ಕು ಬೇರೆ ಬೇರೆ ತೊಂದರೆಗಳನ್ನು ಹೇಳುತ್ತಾರೆ. ಮೊದಲನೆಯದು, ಒಂದಕ್ಷರವನ್ನೂ ಟೈಪ್ ಮಾಡಲಾಗದಿರುವುದು. ಇಲ್ಲಿ ಕಿಟಕಿಯ ಕೆಳಗಿನ ಸ್ಟೇಟಸ್ ಬಾರ್ ನೋಡಬೇಕು, ಏಕೆಂದರೆ ಆಕ್ಸೆಸ್ ಕಾರಣವನ್ನು ಹೆಚ್ಚಾಗಿ ಅಲ್ಲಿಯೇ ಸಣ್ಣ ಅಕ್ಷರದಲ್ಲಿ ಹೇಳಿರುತ್ತದೆ. ‘ದಿಸ್ ರೆಕಾರ್ಡ್‌ಸೆಟ್ ಈಸ್ ನಾಟ್ ಅಪ್‌ಡೇಟಬಲ್’ ಎಂದಿದ್ದರೆ ಸಂಶಯ ಕಡತ, ಟೇಬಲ್ ಅಥವಾ ಕ್ವೆರಿಯ ಮೇಲೆ ಹೋಗಬೇಕು. ‘ಕಂಟ್ರೋಲ್ ಕಾಂಟ್ ಬಿ ಎಡಿಟೆಡ್’ ಎಂದು ಆರಂಭವಾಗಿ ಎಕ್ಸ್‌ಪ್ರೆಶನ್ ಅಥವಾ ಆಟೊನಂಬರ್ ಎಂದು ಮುಗಿದರೆ ಅದು ತೊಂದರೆಯೇ ಅಲ್ಲ. ಆ ಪೆಟ್ಟಿಗೆ ಸೂತ್ರದ ಲೆಕ್ಕದಿಂದಲೋ (ಎಕ್ಸ್‌ಪ್ರೆಶನ್) ಆಕ್ಸೆಸ್ ತಾನೇ ಕೊಡುವ ಕ್ರಮಸಂಖ್ಯೆಯಿಂದಲೋ (ಆಟೊನಂಬರ್) ತುಂಬುವಂಥದ್ದು, ಕೈಯಿಂದ ತುಂಬುವಂಥದ್ದಲ್ಲ.

ಎರಡನೆಯದು, ಹಳೆಯ ದಾಖಲೆಗಳನ್ನು ತಿದ್ದಲು ಬರುತ್ತದೆ, ಆದರೆ ಕೆಳಗಿನ ಪಟ್ಟಿಯಲ್ಲಿ ನಕ್ಷತ್ರಚಿಹ್ನೆಯಿರುವ ಹೊಸ ದಾಖಲೆಯ ಬಟನ್ ಮಂಕಾಗಿದೆ. ಮೂರನೆಯದು, ಟೈಪ್ ಮಾಡಲು ಬಿಡುತ್ತದೆ, ಉಳಿಸುವಾಗ ಸಂದೇಶ ಕೊಟ್ಟು ನಿರಾಕರಿಸುತ್ತದೆ. ನಾಲ್ಕನೆಯದು ಎಲ್ಲಕ್ಕಿಂತ ಅಪಾಯಕಾರಿ: ಯಾವ ಸಂದೇಶವೂ ಇಲ್ಲದೆ ಫಾರ್ಮ್ ಮುಚ್ಚಿಕೊಳ್ಳುತ್ತದೆ, ಮರುದಿನ ನೋಡಿದರೆ ದಾಖಲೆಯೇ ಇರುವುದಿಲ್ಲ. ಇವುಗಳಲ್ಲಿ ನಿಮ್ಮದು ಯಾವುದೆಂದು, ಸಂದೇಶವಿದ್ದರೆ ಅದರ ಪೂರ್ಣ ಪಾಠವನ್ನೂ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಸಂದೇಶವನ್ನು ಓದದೆ ‘ಓಕೆ’ ಒತ್ತುವ ಅಭ್ಯಾಸ ಈ ಕೆಲಸದಲ್ಲಿ ಬಹಳ ಸಮಯ ತಿನ್ನುತ್ತದೆ.

ಫಾರ್ಮ್‌ನಲ್ಲಿ ಪೆಟ್ಟಿಗೆಗಳೇ ಕಾಣದೆ ಇಡೀ ಮೈ ಖಾಲಿಯಾಗಿ ತೋರಿದರೆ ಹೆದರಬೇಕಾಗಿಲ್ಲ, ಫಾರ್ಮ್ ಹಾಳಾಗಿಲ್ಲ. ತೋರಿಸಲು ಒಂದೂ ದಾಖಲೆಯಿಲ್ಲದೆ ಹೊಸದನ್ನು ಸೇರಿಸಲೂ ಅನುಮತಿಯಿಲ್ಲದಾಗ ಆಕ್ಸೆಸ್ ಹೀಗೆ ಮಾಡುತ್ತದೆ.

## ಹಂತ 2: ಕಡತ ಮತ್ತು ಅದಿರುವ ಜಾಗ

ಕಡತ ತೆರೆದಾಗ ರಿಬ್ಬನ್‌ನ ಕೆಳಗೆ ಹಳದಿ ಪಟ್ಟಿಯಲ್ಲಿ ‘ರೀಡ್ ಓನ್ಲಿ’ ಎಂದು ಬಂದರೆ ಉಳಿದ ಯಾವ ಹಂತವೂ ಸದ್ಯಕ್ಕೆ ಬೇಡ. ಜಿಪ್ ಕಡತದ ಒಳಗಿನಿಂದಲೇ ನೇರವಾಗಿ ತೆರೆದಿರಬಹುದು, ಇ-ಮೇಲ್ ಲಗತ್ತನ್ನು ಉಳಿಸಿಕೊಳ್ಳದೆ ತೆರೆದಿರಬಹುದು, ಅಥವಾ ವಿಂಡೋಸ್‌ನ ಪ್ರಾಪರ್ಟೀಸ್‌ನಲ್ಲಿ ‘ರೀಡ್ ಓನ್ಲಿ’ ಗುರುತು ಉಳಿದುಕೊಂಡಿರಬಹುದು. ಕಡತವನ್ನು ಸಾಮಾನ್ಯ ಫೋಲ್ಡರಿಗೆ ತಂದು, ಗುರುತು ತೆಗೆದು ಮತ್ತೆ ತೆರೆಯಿರಿ.

ಫೋಲ್ಡರಿನ ಅನುಮತಿಯನ್ನು ಬಹಳ ಮಂದಿ ಮರೆಯುತ್ತಾರೆ. ಎಸಿಸಿಡಿಬಿ ಕಡತ ತೆರೆದೊಡನೆ ಆಕ್ಸೆಸ್ ಅದೇ ಫೋಲ್ಡರಿನಲ್ಲಿ ಎಲ್‌ಎಸಿಸಿಡಿಬಿ ಎಂಬ ಬೀಗದ ಕಡತವೊಂದನ್ನು ನಿರ್ಮಿಸುತ್ತದೆ. ಹಳೆಯ ಎಂಡಿಬಿ ಕಡತವಾದರೆ ಅದು ಎಲ್‌ಡಿಬಿ. ಯಾರು ಯಾವ ದಾಖಲೆಯನ್ನು ಹಿಡಿದಿದ್ದಾರೆ ಎಂಬ ಲೆಕ್ಕ ಅದರ ಮೂಲಕವೇ ನಡೆಯುತ್ತದೆ. ಆದ್ದರಿಂದ ಮುಖ್ಯ ಕಡತಕ್ಕೆ ಬರೆಯುವ ಹಕ್ಕು ಇದ್ದರೆ ಸಾಲದು, ಆ ಫೋಲ್ಡರಿನಲ್ಲಿ ಹೊಸ ಕಡತ ನಿರ್ಮಿಸುವ ಮತ್ತು ಅಳಿಸುವ ಹಕ್ಕೂ, ಅಂದರೆ ‘ಮಾಡಿಫೈ’ ಅನುಮತಿಯೂ ಪ್ರತಿ ಬಳಕೆದಾರರಿಗೆ ಬೇಕು. ಕಚೇರಿಯ ಒಬ್ಬರಿಗೆ ಮಾತ್ರ ಬರೆಯಲಾಗದೆ ಉಳಿದವರಿಗೆ ಬರುತ್ತಿದ್ದರೆ ಮೊದಲ ಅನುಮಾನ ಇಲ್ಲಿರಲಿ. ಎಲ್ಲರೂ ಹೊರಬಂದ ಮೇಲೂ ಬೀಗದ ಕಡತ ಉಳಿದಿದ್ದರೆ ಅದನ್ನು ಅಳಿಸಿ ನೋಡಿ. ಅಳಿಯದಿದ್ದರೆ ಯಾವುದೋ ಯಂತ್ರದಲ್ಲಿ ಡೇಟಾಬೇಸ್ ಇನ್ನೂ ತೆರೆದಿದೆ. ಯಾವ ಯಂತ್ರವೆಂದು ತಿಳಿಯಲು ಬೀಗದ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಸಾಕು, ಕಂಪ್ಯೂಟರಿನ ಹೆಸರು ಕಾಣುತ್ತದೆ.

ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್‌ಗಳ ಸಿಂಕ್ ಫೋಲ್ಡರಿನಲ್ಲಿ ಆಕ್ಸೆಸ್ ಕಡತವನ್ನಿಟ್ಟು ಹಲವರು ಬಳಸುವುದನ್ನು ದಯವಿಟ್ಟು ನಿಲ್ಲಿಸಿ. ಕಾರ್ಯದರ್ಶಿ ಡೊಂಬಿವಲಿಯ ಮನೆಯಲ್ಲಿ, ಕೋಶಾಧಿಕಾರಿ ಅಂಧೇರಿಯ ಕಚೇರಿಯಲ್ಲಿ ಕುಳಿತು ‘ಒಂದೇ’ ಕಡತ ತೆರೆದರೆ, ವಾಸ್ತವದಲ್ಲಿ ಇಬ್ಬರೂ ತಮ್ಮ ತಮ್ಮ ಯಂತ್ರದ ಪ್ರತಿಯಲ್ಲಿ ಬರೆಯುತ್ತಿರುತ್ತಾರೆ. ಸಂಜೆ ಯಾವ ಪ್ರತಿ ಗೆಲ್ಲುತ್ತದೆಯೋ ಅದಷ್ಟೇ ಮುಖ್ಯ ಕಡತವಾಗಿ ಉಳಿಯುತ್ತದೆ. ಇನ್ನೊಬ್ಬರ ದಿನದ ನಮೂದುಗಳು ಅದರಲ್ಲಿರುವುದಿಲ್ಲ.

ಕಡತ ವಾಟ್ಸ್ಆ್ಯಪ್ ಅಥವಾ ಇ-ಮೇಲ್ ಮೂಲಕ ಬಂದದ್ದಾದರೆ ಇನ್ನೊಂದು ತೊಡಕಿದೆ. 2022ರಿಂದ ಮೈಕ್ರೋಸಾಫ್ಟ್ ಅಂತರ್ಜಾಲದಿಂದ ಬಂದ ಕಡತಗಳ ಮ್ಯಾಕ್ರೊಗಳನ್ನು (ಬಟನ್ ಒತ್ತಿದಾಗ ಓಡುವಂಥ ಆದೇಶಗಳನ್ನು) ತಾನಾಗಿಯೇ ತಡೆಹಿಡಿಯುತ್ತಿದೆ. ಟೇಬಲ್‌ನಲ್ಲಿ ಬರೆಯಲು ಅಡ್ಡಿಯಿಲ್ಲದಿದ್ದರೂ ‘ಹೊಸ ಸದಸ್ಯ’, ‘ಉಳಿಸಿ’ ಮುಂತಾದ ಬಟನ್‌ಗಳು ಸತ್ತಂತಿರುತ್ತವೆ. ಕಳುಹಿಸಿದವರು ಯಾರೆಂದು ಖಚಿತವಾಗಿ ಗೊತ್ತಿದ್ದರೆ ಮಾತ್ರ ಕಡತದ ಪ್ರಾಪರ್ಟೀಸ್‌ನಲ್ಲಿ ‘ಅನ್‌ಬ್ಲಾಕ್’ ಗುರುತು ಹಾಕಿ, ಆಕ್ಸೆಸ್‌ನ ಟ್ರಸ್ಟ್ ಸೆಂಟರಿನಲ್ಲಿ ಆ ಫೋಲ್ಡರನ್ನು ‘ಟ್ರಸ್ಟೆಡ್ ಲೊಕೇಶನ್’ ಆಗಿ ಸೇರಿಸಿ.

ಕೊನೆಯದಾಗಿ ಗಾತ್ರ. ಆಕ್ಸೆಸ್ ಕಡತವೊಂದು 2 ಜಿಬಿ ಮೀರುವಂತಿಲ್ಲ. ಸದಸ್ಯರ ಭಾವಚಿತ್ರಗಳನ್ನು ಟೇಬಲ್‌ನೊಳಗೇ ಸೇರಿಸಿದವರು ಈ ಮಿತಿಯನ್ನು ಬೇಗ ಮುಟ್ಟುತ್ತಾರೆ. ಆಗ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಎಂಬ, ವಿಷಯಕ್ಕೆ ಸಂಬಂಧವೇ ಇಲ್ಲದಂತೆ ತೋರುವ ಸಂದೇಶ ಬರುತ್ತದೆ.

## ಹಂತ 3: ಟೇಬಲ್‌ನಲ್ಲೇ ಬರೆದು ನೋಡುವುದು

ಫಾರ್ಮ್ ಮುಚ್ಚಿ. ನ್ಯಾವಿಗೇಶನ್ ಪೇನ್‌ನಿಂದ ಸಂಬಂಧಪಟ್ಟ ಟೇಬಲನ್ನು ನೇರವಾಗಿ ತೆರೆದು, ಕೊನೆಯ ಸಾಲಿನಲ್ಲಿ ಪರೀಕ್ಷೆಗಾಗಿ ಒಂದು ದಾಖಲೆ ಬರೆಯಿರಿ. ಈ ಒಂದು ಪರೀಕ್ಷೆ ತೊಂದರೆಯನ್ನು ಎರಡು ಪಾಲು ಮಾಡಿಕೊಡುತ್ತದೆ: ಇಲ್ಲಿ ಬರೆಯಲು ಬಂದರೆ 4ನೇ ಹಂತಕ್ಕೆ ಹೋಗಿ, ಬಾರದಿದ್ದರೆ ಫಾರ್ಮನ್ನು ಮುಟ್ಟಲೇಬೇಡಿ.

ಟೇಬಲ್‌ನ ಚಿತ್ರದ ಪಕ್ಕದಲ್ಲಿ ಬಾಣದ ಗುರುತಿದ್ದರೆ ಅದು ಬೇರೆ ಕಡೆಯಿಂದ ಜೋಡಿಸಿದ ಟೇಬಲ್. ಲಿಂಕ್ಡ್ ಟೇಬಲ್ ಮ್ಯಾನೇಜರಿನಲ್ಲಿ ಅದರ ಪೂರ್ಣ ವಿಳಾಸವನ್ನು ಓದಿ. ಎಕ್ಸೆಲ್ ಹಾಳೆಯನ್ನು ಜೋಡಿಸಿದ್ದರೆ ಆಕ್ಸೆಸ್‌ನಿಂದ ಅದಕ್ಕೆ ಬರೆಯಲಾಗುವುದಿಲ್ಲ, ಅದು ಓದಲು ಮಾತ್ರ. ಗೂಗಲ್ ಫಾರ್ಮ್‌ನಿಂದ ಬಂದ ಸದಸ್ಯತ್ವದ ಅರ್ಜಿಗಳನ್ನು ಎಕ್ಸೆಲ್ ಮಾಡಿ ‘ಲಿಂಕ್’ ಆಯ್ದವರು ‘ಇಂಪೋರ್ಟ್’ ಆಯ್ದು ಸ್ವಂತ ಟೇಬಲ್ ಮಾಡಿಕೊಳ್ಳಬೇಕು. ಎಸ್‌ಕ್ಯೂಎಲ್ ಸರ್ವರಿನ ಟೇಬಲ್ ಆದರೆ ಅದಕ್ಕೆ ಪ್ರೈಮರಿ ಕೀ, ಅಂದರೆ ಪ್ರತಿ ದಾಖಲೆಯನ್ನು ಬೇರೆಯಾಗಿ ಗುರುತಿಸುವ ಅಂಕಣ, ಇರಬೇಕು. ಇಲ್ಲದಿದ್ದರೆ ಆಕ್ಸೆಸ್ ಅದನ್ನು ಓದಲು ಮಾತ್ರ ಬಿಡುತ್ತದೆ. ಕೀ ಸೇರಿಸಿದ ಮೇಲೆ ಹಳೆಯ ಜೋಡಣೆಯನ್ನು ಅಳಿಸಿ ಹೊಸದಾಗಿ ಜೋಡಿಸಿ. ವಿಳಾಸವು ಕಳೆದ ವರ್ಷದ ಪ್ರತಿಯತ್ತ ತೋರುತ್ತಿದ್ದರೆ, ‘ಸೇರಿಸಿದ ದಾಖಲೆ ಕಾಣೆಯಾಗುತ್ತಿದೆ’ ಎಂಬ ದೂರಿನ ಉತ್ತರವೂ ಅಲ್ಲಿಯೇ ಸಿಕ್ಕಿತು.

ಜೋಡಿಸಿದ ಟೇಬಲ್ ಅಲ್ಲದೆ ಸ್ವಂತ ಟೇಬಲ್ ಆಗಿದ್ದೂ ನಿರಾಕರಿಸಿದರೆ, ಟೇಬಲ್‌ನ ನಿಯಮವೊಂದು ಅಡ್ಡ ಬಂದಿದೆ ಎಂದರ್ಥ. ಸಂದೇಶದ ಸಂಖ್ಯೆ ಕಾಣಿಸಿದ್ದರೆ ದಾರಿ ಸುಲಭ. 3314 ಎಂದರೆ ಕಡ್ಡಾಯವಾದ ಫೀಲ್ಡ್ (ಟೇಬಲ್‌ನ ಅಂಕಣ) ಖಾಲಿಯಿದೆ. ಆ ಫೀಲ್ಡ್ ಫಾರ್ಮ್‌ನಲ್ಲಿ ಇಲ್ಲದೆಯೂ ಇರಬಹುದು, ಆಗ ಬಳಕೆದಾರರು ಎಷ್ಟು ತುಂಬಿದರೂ ಉಳಿಯುವುದಿಲ್ಲ. 3201 ಎಂದರೆ ಸಂಬಂಧಿತ ಟೇಬಲ್‌ನಲ್ಲಿ ಇರಬೇಕಾದ ದಾಖಲೆಯಿಲ್ಲ. ಹಳೆಯ ಆವೃತ್ತಿಗಳಲ್ಲಿ ಮಾಡಿದ ಟೇಬಲ್‌ಗಳ ಸಂಖ್ಯಾ ಫೀಲ್ಡ್‌ಗಳಲ್ಲಿ ಡೀಫಾಲ್ಟ್ ಮೌಲ್ಯ 0 ಎಂದು ಉಳಿದಿರುತ್ತದೆ. 0 ಕ್ರಮಾಂಕದ ಸದಸ್ಯರು ಯಾರೂ ಇಲ್ಲವಾದ್ದರಿಂದ ದೇಣಿಗೆಯ ದಾಖಲೆ ನಿರಾಕರಣೆಯಾಗುತ್ತದೆ. ಆ 0 ಅಳಿಸಿ ಜಾಗವನ್ನು ಖಾಲಿ ಬಿಡಿ.

3022 ಎಂದರೆ ಒಂದೇ ಮೌಲ್ಯ ಎರಡು ಸಲ ಬರುತ್ತಿದೆ. ಸದಸ್ಯತ್ವದ ಸಂಖ್ಯೆ ನಿಜವಾಗಿಯೂ ಪುನರಾವರ್ತನೆಯಾಗಿದ್ದರೆ ಅದು ಒಳ್ಳೆಯ ನಿರಾಕರಣೆಯೇ. ಆದರೆ ನೀವು ಏನನ್ನೂ ಪುನರಾವರ್ತಿಸದೆ ಈ ಸಂದೇಶ ಬರುತ್ತಿದ್ದರೆ ಆಟೊನಂಬರನ್ನು ಗಮನಿಸಿ: ಹೊಸ ಸಾಲಿನಲ್ಲಿ ಕಾಣುವ ಸಂಖ್ಯೆ ಟೇಬಲ್‌ನ ಅತಿ ದೊಡ್ಡ ಸಂಖ್ಯೆಗಿಂತ ಚಿಕ್ಕದಾಗಿದ್ದರೆ ಎಣಿಕೆ ಹಿಂದೆ ಸರಿದಿದೆ. ಹಳೆಯ ಪ್ರತಿಯಿಂದ ದಾಖಲೆಗಳನ್ನು ತಂದು ಸೇರಿಸಿದ ನಂತರ ಹೀಗಾಗುವುದುಂಟು. ಕಾಂಪ್ಯಾಕ್ಟ್ ಮಾಡಿದರೆ, ಅಂದರೆ ಕಡತವನ್ನು ಅಡಕಗೊಳಿಸಿ ದುರಸ್ತಿ ಮಾಡಿದರೆ (ಹಂತ 9), ಹಲವು ಸಲ ಸರಿಹೋಗುತ್ತದೆ. ಹೋಗದಿದ್ದರೆ ಆಲ್ಟರ್ ಟೇಬಲ್ ಆದೇಶದಿಂದ ಮುಂದಿನ ಆರಂಭಸಂಖ್ಯೆಯನ್ನು ನಿಗದಿಪಡಿಸಬೇಕು.

ಫೀಲ್ಡ್‌ನ ಅಳತೆ ಮತ್ತು ಯಾವ ಮೌಲ್ಯ ಸಲ್ಲುತ್ತದೆಂದು ಹೇಳುವ ವ್ಯಾಲಿಡೇಶನ್ ರೂಲ್‌ಗಳನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಇವು ಹಾಕಿದ ಕಾಲಕ್ಕೆ ಸರಿಯಾಗಿದ್ದು ಕಾಲ ಬದಲಾದಂತೆ ತಪ್ಪಾಗುತ್ತವೆ. ಮುಂಬಯಿಯ ಎಂಟು ಅಂಕಿಗಳ ಸ್ಥಿರ ದೂರವಾಣಿ ಸಂಖ್ಯೆ ‘ಲಾಂಗ್ ಇಂಟೀಜರ್’ ಫೀಲ್ಡ್‌ನಲ್ಲಿ ಹಿಡಿಯುತ್ತದೆ. ಆ ಫೀಲ್ಡ್‌ನ ಮಿತಿ 2,147,483,647. ಆರರಿಂದ ಒಂಬತ್ತರವರೆಗಿನ ಅಂಕಿಯಿಂದ ಆರಂಭವಾಗುವ ಹತ್ತಂಕಿಯ ಮೊಬೈಲ್ ಸಂಖ್ಯೆ ಅದರಲ್ಲಿ ಹಿಡಿಯುವುದಿಲ್ಲ, ಹೀಗಾಗಿ ಹಳೆಯ ಸದಸ್ಯರ ದಾಖಲೆ ಉಳಿದು ಹೊಸಬರದು ನಿರಾಕರಣೆಯಾಗುತ್ತದೆ. ದೂರವಾಣಿಯಾಗಲಿ ಪಿನ್‌ಕೋಡ್ ಆಗಲಿ ಕೂಡಿ ಕಳೆಯುವ ಸಂಖ್ಯೆಗಳಲ್ಲ. ಅವನ್ನು ‘ಶಾರ್ಟ್ ಟೆಕ್ಸ್ಟ್’ ಮಾಡುವುದೇ ಸರಿ.

ಪಿನ್‌ಕೋಡಿನ ನಿಯಮವೂ ಹೀಗೆಯೇ. 400001ರಿಂದ 400104ರ ನಡುವೆ ಇರಬೇಕೆಂದು ನಿಯಮ ಹಾಕಿದ ಟೇಬಲ್ ಮಾಟುಂಗಾದ 400019 ಅನ್ನು ಒಪ್ಪುತ್ತದೆ. ಸದಸ್ಯರು ಮಾಟುಂಗಾ ಬಿಟ್ಟು ವಾಶಿಯ 400703ಕ್ಕೋ ಮೀರಾರೋಡಿನ 401107ಕ್ಕೋ ಡೊಂಬಿವಲಿಯ 421201ಕ್ಕೋ ಮನೆ ಬದಲಿಸಿದಾಗ ವಿಳಾಸದ ತಿದ್ದುಪಡಿ ನಿಂತುಹೋಗುತ್ತದೆ. ಪುಣೆಯ 411ರಿಂದ, ಗೋವೆಯ 403ರಿಂದ ಆರಂಭವಾಗುವ ಪಿನ್‌ಗಳಿಗೂ ಅದೇ ಗತಿ.

ಏಪ್ರಿಲ್ ಆರಂಭದಲ್ಲಿ ರಸೀದಿಯ ಫಾರ್ಮ್ ಏಕಾಏಕಿ ನಿಂತರೆ ದಿನಾಂಕದ ನಿಯಮವನ್ನು ನೋಡಿ. ಹಿಂದಿನ ಆರ್ಥಿಕ ವರ್ಷದ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಎಂದು ಯಾರೋ ಕಟ್ಟಿಹಾಕಿರುತ್ತಾರೆ. ದಿನಾಂಕ ಒಂದು ಯಂತ್ರದಲ್ಲಿ ಒಪ್ಪಿಗೆಯಾಗಿ ಇನ್ನೊಂದರಲ್ಲಿ ಆಗದಿದ್ದರೆ ವಿಂಡೋಸ್‌ನ ರೀಜನ್ ವ್ಯವಸ್ಥೆ ಕಾರಣವಾಗಿರಬಹುದು: ಅಮೆರಿಕದ ಪದ್ಧತಿಯಲ್ಲಿರುವ ಯಂತ್ರ 05/04 ಎಂಬುದನ್ನು ಮೇ 4 ಎಂದು ಓದಿ, ‘ಮುಂದಿನ ದಿನಾಂಕ ಸಲ್ಲದು’ ಎಂಬ ನಿಯಮವಿದ್ದರೆ ತಿರಸ್ಕರಿಸುತ್ತದೆ, ನಿಯಮವಿಲ್ಲದಿದ್ದರೆ ತಪ್ಪು ದಿನಾಂಕವನ್ನೇ ಉಳಿಸುತ್ತದೆ. ಎಲ್ಲ ಯಂತ್ರಗಳಲ್ಲೂ ‘ಇಂಗ್ಲಿಷ್, ಇಂಡಿಯಾ’ ಪದ್ಧತಿಯಿರಲಿ.

## ಹಂತ 4: ಕ್ವೆರಿಯನ್ನು ಪ್ರತ್ಯೇಕವಾಗಿ ಪರೀಕ್ಷಿಸುವುದು

ಟೇಬಲ್ ಬರೆಯಲು ಬಿಟ್ಟು ಫಾರ್ಮ್ ಬಿಡದಿದ್ದರೆ, ಫಾರ್ಮ್‌ನ ‘ರೆಕಾರ್ಡ್ ಸೋರ್ಸ್’ ಏನೆಂದು ಡಿಸೈನ್ ವ್ಯೂನಲ್ಲಿ ನೋಡಿ. ಅಲ್ಲಿ ಕ್ವೆರಿಯ ಹೆಸರಿದ್ದರೆ ಆ ಕ್ವೆರಿಯನ್ನು ಫಾರ್ಮ್ ಇಲ್ಲದೆ ನೇರವಾಗಿ ತೆರೆದು ಒಂದು ದಾಖಲೆ ತಿದ್ದಿ ನೋಡಿ. ನಕ್ಷತ್ರಚಿಹ್ನೆಯ ಖಾಲಿ ಸಾಲು ಕೊನೆಯಲ್ಲಿ ಕಾಣದಿದ್ದರೆ ಕ್ವೆರಿಯೇ ಓದಲು ಮಾತ್ರ ಎಂದು ತಿಳಿಯಬೇಕು.

ಇದರ ಹಿಂದಿನ ತರ್ಕ ಸರಳ. ತೆರೆಯ ಮೇಲಿನ ಒಂದು ಸಾಲು ಯಾವ ಟೇಬಲ್‌ನ ಯಾವ ದಾಖಲೆಗೆ ಸೇರಿದ್ದೆಂದು ಆಕ್ಸೆಸ್‌ಗೆ ನಿಸ್ಸಂದೇಹವಾಗಿ ಗೊತ್ತಿರಬೇಕು. ಗೊತ್ತಾಗದಿದ್ದರೆ ಅದು ಬರೆಯಲು ಬಿಡುವುದಿಲ್ಲ. ‘ಟೋಟಲ್ಸ್’ ಒತ್ತಿ ಗುಂಪುಗೂಡಿಸಿದ ಕ್ವೆರಿಯಲ್ಲಿ ಒಂದು ಸಾಲಿನ ಹಿಂದೆ ಹತ್ತು ದೇಣಿಗೆಗಳಿರಬಹುದು, ಆ ಮೊತ್ತವನ್ನು ತಿದ್ದಿದರೆ ಯಾವ ದೇಣಿಗೆಯನ್ನು ತಿದ್ದಬೇಕು? ಯೂನಿಯನ್ ಮತ್ತು ಕ್ರಾಸ್‌ಟ್ಯಾಬ್ ಕ್ವೆರಿಗಳಿಗೂ, ‘ಯೂನಿಕ್ ವ್ಯಾಲ್ಯೂಸ್’ ಎಂಬುದು ‘ಯೆಸ್’ ಆಗಿರುವ ಕ್ವೆರಿಗೂ ಇದೇ ಕಾರಣ ಅನ್ವಯಿಸುತ್ತದೆ. ಟೇಬಲ್‌ಗಳ ನಡುವೆ ಜೋಡಣೆಯ ಗೆರೆಯೇ ಇಲ್ಲದಿದ್ದರೆ, ಗೆರೆಯಿದ್ದರೂ ‘ಒಂದು’ ಬದಿಯ (ಒಬ್ಬ ಸದಸ್ಯರಿಗೆ ಹಲವು ದೇಣಿಗೆಗಳಿರುವ ಜೋಡಣೆಯಲ್ಲಿ ಸದಸ್ಯರ ಟೇಬಲ್ ‘ಒಂದು’ ಬದಿ, ದೇಣಿಗೆಗಳದು ‘ಹಲವು’ ಬದಿ) ಫೀಲ್ಡ್‌ಗೆ ಪ್ರೈಮರಿ ಕೀ ಅಥವಾ ಪುನರಾವರ್ತನೆಯಾಗದ ಇಂಡೆಕ್ಸ್ ಇಲ್ಲದಿದ್ದರೆ, ಆಗಲೂ ಬರವಣಿಗೆ ನಿಲ್ಲುತ್ತದೆ.

ಹೆಚ್ಚು ಮಂದಿ ಸೋಲುವುದು ಇನ್ನೊಂದು ಕಡೆ. ಸದಸ್ಯರ ಫಾರ್ಮ್‌ನಲ್ಲಿ ‘ಈವರೆಗಿನ ಒಟ್ಟು ದೇಣಿಗೆ’ ತೋರಿಸಬೇಕೆಂದು ಒಟ್ಟುಮೊತ್ತದ ಕ್ವೆರಿಯೊಂದನ್ನು ಸದಸ್ಯರ ಟೇಬಲ್‌ಗೆ ಜೋಡಿಸುತ್ತಾರೆ. ಆ ಕ್ಷಣದಿಂದ ಹೆಸರು, ವಿಳಾಸ ಯಾವುದನ್ನೂ ತಿದ್ದಲು ಬರುವುದಿಲ್ಲ, ಏಕೆಂದರೆ ಒಟ್ಟುಗೂಡಿಸಿದ ಕ್ವೆರಿಯೊಂದು ಸೇರಿದರೆ ಇಡೀ ಕ್ವೆರಿಯೇ ಓದಲು ಮಾತ್ರ ಆಗುತ್ತದೆ. ಕ್ವೆರಿಯಿಂದ ಆ ಮೊತ್ತವನ್ನು ತೆಗೆದುಹಾಕಿ. ಫಾರ್ಮ್‌ನ ಒಂದು ಪೆಟ್ಟಿಗೆಯಲ್ಲಿ ‘ಡಿಸಮ್’ ಸೂತ್ರ ಬರೆದು ಅದೇ ಮೊತ್ತ ತೋರಿಸಿ. ದೇಣಿಗೆಗಳ ವಿವರವೂ ಬೇಕಿದ್ದರೆ ಫಾರ್ಮ್‌ನೊಳಗೆ ಇನ್ನೊಂದು ಚಿಕ್ಕ ಫಾರ್ಮ್, ಅಂದರೆ ಸಬ್‌ಫಾರ್ಮ್ ಇಡಿ. ಒಂದೇ ಕ್ವೆರಿಯಲ್ಲಿ ಸದಸ್ಯರು, ಅವರ ದೇಣಿಗೆಗಳು, ಅವರ ಕುಟುಂಬದವರು ಹೀಗೆ ಮೂರು ಟೇಬಲ್‌ಗಳನ್ನು ಸೇರಿಸಿ ನಡುವಿನ ಸದಸ್ಯರಿಂದ ಎರಡು ಕಡೆಗೂ ‘ಹಲವು’ ಸಂಬಂಧವಿದ್ದರೆ ಅದಕ್ಕೂ ಸಬ್‌ಫಾರ್ಮ್‌ಗಳೇ ಪರಿಹಾರ. ಸಾಮಾನ್ಯವಾಗಿ ಒಂದು ಫಾರ್ಮ್‌ಗೆ ಒಂದೇ ಟೇಬಲ್ ಆಧಾರವಾಗಿರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ವರದಿಗೆಂದು ಮಾಡಿದ ಕ್ವೆರಿಯನ್ನು ನಮೂದಿನ ಫಾರ್ಮ್‌ಗೆ ಎಂದಿಗೂ ಕಟ್ಟಬಾರದು.

ತಿದ್ದಲು ಬಂದು ಹೊಸದನ್ನು ಸೇರಿಸುವಾಗ ಮಾತ್ರ ‘ಜಾಯಿನ್ ಕೀ ನಾಟ್ ಇನ್ ರೆಕಾರ್ಡ್‌ಸೆಟ್’ ಎಂಬ ಸಂದೇಶ ಬಂದರೆ, ‘ಹಲವು’ ಬದಿಯ ಟೇಬಲ್‌ನ ಸದಸ್ಯಸಂಖ್ಯೆಯ ಫೀಲ್ಡನ್ನು ಕ್ವೆರಿಗೆ ಸೇರಿಸಿ. ‘ಒಂದು’ ಬದಿಯದನ್ನು ಹಾಕಿ ಇದನ್ನು ಬಿಟ್ಟಿರುತ್ತಾರೆ.

ಕಾರಣ ಹುಡುಕಲು ಕ್ವೆರಿಯ ಒಂದು ನಕಲು ಮಾಡಿ, ಅದರಿಂದ ಒಂದೊಂದೇ ಟೇಬಲನ್ನು ತೆಗೆಯುತ್ತ, ಪ್ರತಿ ಸಲವೂ ತೆರೆದು ನೋಡಿ. ಯಾವುದನ್ನು ತೆಗೆದಾಗ ನಕ್ಷತ್ರದ ಸಾಲು ಮರಳಿ ಬರುತ್ತದೆಯೋ ತೊಂದರೆ ಅಲ್ಲಿದೆ. ‘ಡೈನಾಸೆಟ್, ಇನ್‌ಕನ್ಸಿಸ್ಟೆಂಟ್ ಅಪ್‌ಡೇಟ್ಸ್’ ಆಯ್ಕೆಯನ್ನು ಹಾಕಿದರೆ ಕೆಲವು ಸಲ ಬರವಣಿಗೆ ಆರಂಭವಾಗುತ್ತದೆ, ಆದರೆ ಟೇಬಲ್‌ಗಳ ನಡುವಿನ ಹೊಂದಾಣಿಕೆ ಕೆಡುವ ಅಪಾಯವಿರುವುದರಿಂದ ಅದನ್ನು ಅಡ್ಡದಾರಿಯಾಗಿ ಬಳಸಬೇಡಿ.

## ಹಂತ 5: ಫಾರ್ಮ್‌ನ ಗುಣಲಕ್ಷಣಗಳು

ಈಗ ಫಾರ್ಮ್‌ನ ಸರದಿ. ಪ್ರಾಪರ್ಟಿ ಶೀಟಿನ ‘ಡೇಟಾ’ ಪುಟದಲ್ಲಿ ‘ಅಲೋ ಎಡಿಟ್ಸ್’ ಮತ್ತು ‘ಅಲೋ ಅಡಿಶನ್ಸ್’ ಎರಡೂ ‘ಯೆಸ್’ ಆಗಿರಬೇಕು. ‘ರೆಕಾರ್ಡ್‌ಸೆಟ್ ಟೈಪ್’ ಎಂಬಲ್ಲಿ ‘ಡೈನಾಸೆಟ್’ ಇರಬೇಕು. ‘ಸ್ನ್ಯಾಪ್‌ಶಾಟ್’ ಇದ್ದರೆ ಉಳಿದೆಲ್ಲವೂ ಸರಿಯಿದ್ದರೂ ಬರೆಯಲಾಗದು. ‘ಡೇಟಾ ಎಂಟ್ರಿ’ ಎಂಬುದು ‘ಯೆಸ್’ ಆಗಿದ್ದರೆ ಹಳೆಯ ದಾಖಲೆಗಳು ಕಾಣುವುದಿಲ್ಲ, ಖಾಲಿ ಫಾರ್ಮ್ ಮಾತ್ರ ತೆರೆಯುತ್ತದೆ. ಸದಸ್ಯರೆಲ್ಲ ಅಳಿಸಿಹೋದರೆಂದು ಗಾಬರಿಯಾಗುವವರು ಮೊದಲು ಇದನ್ನು ನೋಡಲಿ.

ಒಂದೇ ಒಂದು ಪೆಟ್ಟಿಗೆ ಮಾತ್ರ ಹಠ ಹಿಡಿದಿದ್ದರೆ ಅದರ ‘ಲಾಕ್ಡ್’ ಮತ್ತು ‘ಎನೇಬಲ್ಡ್’ ನೋಡಿ. ಸಬ್‌ಫಾರ್ಮ್ ಆದರೆ ‘ಲಿಂಕ್ ಮಾಸ್ಟರ್ ಫೀಲ್ಡ್ಸ್’ ಮತ್ತು ‘ಲಿಂಕ್ ಚೈಲ್ಡ್ ಫೀಲ್ಡ್ಸ್’ ಎರಡೂ ತುಂಬಿರಬೇಕು, ಮತ್ತು ಮುಖ್ಯ ಫಾರ್ಮ್‌ನಲ್ಲಿ ಸದಸ್ಯರ ದಾಖಲೆ ಮೊದಲೇ ಇರಬೇಕು.

## ಹಂತ 6: ಬಟನ್, ಮ್ಯಾಕ್ರೊ ಮತ್ತು ಕೋಡ್

ಫಾರ್ಮನ್ನು ಎರಡು ರೀತಿಯಲ್ಲಿ ತೆರೆಯಿರಿ: ಒಮ್ಮೆ ಮೆನುವಿನ ಬಟನ್ ಒತ್ತಿ, ಇನ್ನೊಮ್ಮೆ ನ್ಯಾವಿಗೇಶನ್ ಪೇನ್‌ನಿಂದ. ನೇರವಾಗಿ ತೆರೆದಾಗ ಬರೆಯಲು ಬಂದು ಬಟನ್‌ನಿಂದ ತೆರೆದಾಗ ಬಾರದಿದ್ದರೆ ದೋಷ ಬಟನ್‌ನಲ್ಲಿದೆ. ‘ಓಪನ್‌ಫಾರ್ಮ್’ ಮ್ಯಾಕ್ರೊದ ‘ಡೇಟಾ ಮೋಡ್’ನಲ್ಲಿ ‘ರೀಡ್ ಓನ್ಲಿ’ ಆಯ್ಕೆಯಾಗಿದ್ದರೆ ಅದು ಫಾರ್ಮ್‌ನ ಗುಣಲಕ್ಷಣಗಳನ್ನು ಮೀರುತ್ತದೆ. ಎರಡೂ ರೀತಿಯಲ್ಲಿ ಬಾರದಿದ್ದರೆ ಫಾರ್ಮ್‌ನ ‘ಆನ್ ಓಪನ್’, ‘ಆನ್ ಲೋಡ್’, ‘ಆನ್ ಕರೆಂಟ್’ ಕೋಡ್‌ಗಳಲ್ಲಿ ‘ಅಲೋ ಎಡಿಟ್ಸ್’ ಅನ್ನು ‘ಫಾಲ್ಸ್’ ಮಾಡುವ ಸಾಲಿದೆಯೇ ಹುಡುಕಿ, ‘ಬಿಫೋರ್ ಅಪ್‌ಡೇಟ್’ನಲ್ಲಿ ‘ಕ್ಯಾನ್ಸಲ್’ ಅನ್ನು ‘ಟ್ರೂ’ ಮಾಡುವ ಸಾಲು ಯಾವ ಷರತ್ತಿಗೆ ಒಳಪಟ್ಟಿದೆ ಎಂದು ಓದಿ.

ಮೊದಲ ಹಂತದಲ್ಲಿ ಹೇಳಿದ ನಾಲ್ಕನೆಯ ಲಕ್ಷಣ, ಅಂದರೆ ಸದ್ದಿಲ್ಲದೆ ಕಳೆದುಹೋಗುವ ದಾಖಲೆ, ಬಹುಮಟ್ಟಿಗೆ ಇಲ್ಲಿ ಹುಟ್ಟುತ್ತದೆ. ‘ಮುಚ್ಚಿ’ ಬಟನ್‌ನ ಕೋಡ್ ಫಾರ್ಮನ್ನು ನೇರವಾಗಿ ಮುಚ್ಚುವಂತಿದ್ದರೆ, ಕಡ್ಡಾಯದ ಫೀಲ್ಡ್ ಖಾಲಿಯಿರುವ ದಾಖಲೆಯನ್ನು ಆಕ್ಸೆಸ್ ಯಾವ ಎಚ್ಚರಿಕೆಯನ್ನೂ ಕೊಡದೆ ಬಿಟ್ಟುಬಿಡುತ್ತದೆ. ಮುಚ್ಚುವ ಸಾಲಿಗಿಂತ ಮೊದಲು ದಾಖಲೆಯನ್ನು ಕಡ್ಡಾಯವಾಗಿ ಉಳಿಸುವ ಸಾಲು, ಅಂದರೆ ಫಾರ್ಮ್‌ನ ‘ಡರ್ಟಿ’ ಗುಣವನ್ನು ‘ಫಾಲ್ಸ್’ ಮಾಡುವ ಸಾಲು ಇರಬೇಕು. ಆಗ ದೋಷವಿದ್ದರೆ ಸಂದೇಶ ಬರುತ್ತದೆ. ‘ಆನ್ ಎರರ್ ರೆಸ್ಯೂಮ್ ನೆಕ್ಸ್ಟ್’ ಮತ್ತು ‘ಸೆಟ್ ವಾರ್ನಿಂಗ್ಸ್ ಫಾಲ್ಸ್’ ಎಂಬ ಎರಡು ಸಾಲುಗಳನ್ನು ಪರಿಶೀಲನೆಯ ಅವಧಿಯಲ್ಲಾದರೂ ತೆಗೆದುಹಾಕಿ. ತೊಂದರೆಯನ್ನು ಹೇಳಬೇಕಾದ ಬಾಯಿಯನ್ನೇ ಅವು ಮುಚ್ಚುತ್ತವೆ.

## ಹಂತ 7: ಕನ್ನಡ ಅಕ್ಷರಗಳಿಂದ ಬರುವ ನಿರಾಕರಣೆಗಳು

ಇಂಗ್ಲಿಷಿನಲ್ಲಿ ಬರೆದರೆ ಒಪ್ಪಿ ಕನ್ನಡದಲ್ಲಿ ಬರೆದರೆ ಒಪ್ಪದ ಫಾರ್ಮ್‌ಗಳಿಗೆ ಪ್ರತ್ಯೇಕ ಪರಿಶೀಲನೆ ಬೇಕು. ಟೇಬಲ್‌ನ ‘ಫೀಲ್ಡ್ ಸೈಜ್’ ಎಣಿಸುವುದು ನಮ್ಮ ಕಣ್ಣಿಗೆ ಕಾಣುವ ಅಕ್ಷರಗಳನ್ನಲ್ಲ. ವ್ಯಂಜನ, ಸ್ವರಚಿಹ್ನೆ, ಹಲಂತ ಚಿಹ್ನೆಗಳನ್ನು (್) ಅದು ಬೇರೆ ಬೇರೆಯಾಗಿ ಎಣಿಸುತ್ತದೆ. ‘ಶ್ರೀಕೃಷ್ಣ’ ಎಂಬುದು ನಮಗೆ ಮೂರು ಅಕ್ಷರ, ಆಕ್ಸೆಸ್‌ಗೆ ಒಂಬತ್ತು. 20 ಎಂದು ಅಳತೆಯಿಟ್ಟ ಹೆಸರಿನ ಫೀಲ್ಡ್‌ನಲ್ಲಿ ಊರು, ತಂದೆಯ ಹೆಸರು, ಬಳಿಯ (ಕುಲದ) ಹೆಸರು ಸೇರಿದ ಪೂರ್ಣ ಹೆಸರು ಅರ್ಧಕ್ಕೇ ನಿಲ್ಲುತ್ತದೆ, ಅಂಟಿಸಿದರೆ ಫೀಲ್ಡ್ ಚಿಕ್ಕದೆಂಬ ಸಂದೇಶ ಬರುತ್ತದೆ. ಕನ್ನಡದ ಹೆಸರಿಗೆ 100, ವಿಳಾಸಕ್ಕೆ ಗರಿಷ್ಠ ಮಿತಿಯಾದ 255 ಇಡಿ.

ಪಟ್ಟಿಯಿಂದ ಆಯ್ದುಕೊಳ್ಳುವ ಪೆಟ್ಟಿಗೆಯಾದ ಕಾಂಬೊ ಬಾಕ್ಸ್ ‘ಪಟ್ಟಿಯಲ್ಲಿಲ್ಲ’ ಎಂದು ನಿರಾಕರಿಸುವಾಗ ಪಟ್ಟಿಯ ಹೆಸರುಗಳು ಯಾವ ಕಾಲದವು ಎಂದು ನೋಡಿ. ಹಿಂದೆ ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ತುಂಬಿದ ಪಟ್ಟಿ ಆ ಫಾಂಟ್‌ನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ, ಒಳಗೆ ಇರುವುದು ಲ್ಯಾಟಿನ್ ಚಿಹ್ನೆಗಳು. ಇಂದು ಯೂನಿಕೋಡಿನಲ್ಲಿ ಟೈಪ್ ಮಾಡಿದ ‘ಶೆಟ್ಟಿ’ ಅದಕ್ಕೆ ಹೊಂದುವುದಿಲ್ಲ. ಪಟ್ಟಿಯನ್ನೇ ಪರಿವರ್ತಕದ ಮೂಲಕ ಯೂನಿಕೋಡಿಗೆ ತರಬೇಕು. ಪರಿವರ್ತನೆಯ ನಂತರ ‘ಸುರೇಶ್’ನಂಥ ಹೆಸರುಗಳ ಕೊನೆಯಲ್ಲಿ ಕಣ್ಣಿಗೆ ಕಾಣದ ಸೊನ್ನೆ ಅಗಲದ ಚಿಹ್ನೆ ಉಳಿದಿರಬಹುದು. ‘ಲೆನ್’ ಸೂತ್ರದಿಂದ ಎರಡು ಹೆಸರುಗಳ ಉದ್ದ ಎಣಿಸಿದರೆ ವ್ಯತ್ಯಾಸ ಸಿಕ್ಕಿಬೀಳುತ್ತದೆ. ಸಂಖ್ಯಾ ಫೀಲ್ಡ್‌ಗಳಲ್ಲಿ ಕನ್ನಡ ಅಂಕಿಗಳನ್ನು ಟೈಪ್ ಮಾಡುತ್ತಿಲ್ಲವೆಂದೂ ಖಚಿತಪಡಿಸಿಕೊಳ್ಳಿ.

ಆಕ್ಸೆಸ್‌ನ ಕೋಡ್ ಬರೆಯುವ ವಿಬಿಎ ಸಂಪಾದಕ ಯೂನಿಕೋಡ್ ಅರಿಯದು. ಕೋಡಿನಲ್ಲಿ ‘ಆಜೀವ ಸದಸ್ಯ’ ಎಂದು ಅಂಟಿಸಿದರೆ ಅದು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ, ಆ ಸಾಲಿನೊಂದಿಗೆ ಹೋಲಿಸುವ ಯಾವ ಷರತ್ತೂ ಎಂದಿಗೂ ನಿಜವಾಗದೆ ಉಳಿಸುವುದು ರದ್ದಾಗುತ್ತಲೇ ಇರುತ್ತದೆ. ಅಂಥ ಪದಗಳನ್ನು ಒಂದು ಚಿಕ್ಕ ಟೇಬಲ್‌ನಲ್ಲಿಟ್ಟು ಕೋಡಿನಲ್ಲಿ ಅವುಗಳ ಕ್ರಮಸಂಖ್ಯೆಯನ್ನು ಮಾತ್ರ ಹೋಲಿಸಿ. ಕನ್ನಡದ ಎಚ್ಚರಿಕೆಯ ಮಾತುಗಳಿಗೆ ಟೇಬಲ್‌ನ ‘ವ್ಯಾಲಿಡೇಶನ್ ಟೆಕ್ಸ್ಟ್’ ಸೂಕ್ತ ಜಾಗ.

## ಹಂತ 8: ಹಲವರು ಒಟ್ಟಿಗೆ ಬಳಸುವಾಗ

ತೊಂದರೆ ಬಂದು ಬಂದು ಹೋಗುತ್ತಿದ್ದರೆ ಕಾರಣ ಸಾಮಾನ್ಯವಾಗಿ ಬೀಗ. ದಾಖಲೆಯ ಎಡಬದಿಯಲ್ಲಿ ಅಡ್ಡಗೆರೆಯ ವೃತ್ತ ಕಂಡರೆ ಬೇರೊಬ್ಬರು ಅದನ್ನು ತಿದ್ದುತ್ತಿದ್ದಾರೆ. ನಿಮ್ಮ ಕಡೆ ಪೆನ್ಸಿಲ್ ಗುರುತಿದ್ದರೆ ನಿಮ್ಮ ತಿದ್ದುಪಡಿ ಇನ್ನೂ ಉಳಿದಿಲ್ಲ. ಶಿಫ್ಟ್ ಮತ್ತು ಎಂಟರ್ ಒಟ್ಟಿಗೆ ಒತ್ತಿದರೆ ಉಳಿಯುತ್ತದೆ, ಎಸ್ಕೇಪ್ ಎರಡು ಸಲ ಒತ್ತಿದರೆ ರದ್ದಾಗುತ್ತದೆ. ಫಾರ್ಮ್‌ನ ‘ರೆಕಾರ್ಡ್ ಲಾಕ್ಸ್’ ಎಂಬಲ್ಲಿ ‘ಆಲ್ ರೆಕಾರ್ಡ್ಸ್’ ಇದ್ದರೆ ಒಬ್ಬರು ಫಾರ್ಮ್ ತೆರೆದೊಡನೆ ಉಳಿದವರೆಲ್ಲರ ಕೈಕಟ್ಟುತ್ತದೆ, ಅದನ್ನು ಬದಲಿಸಿ.

‘ರೈಟ್ ಕಾನ್‌ಫ್ಲಿಕ್ಟ್’ ಪೆಟ್ಟಿಗೆ ಒಬ್ಬರೇ ಕೆಲಸ ಮಾಡುವಾಗಲೂ ಬಂದರೆ ನೀವು ನಿಮ್ಮೊಂದಿಗೇ ಘರ್ಷಿಸುತ್ತಿದ್ದೀರಿ: ಒಂದೇ ದಾಖಲೆ ಎರಡು ಫಾರ್ಮ್‌ಗಳಲ್ಲಿ ತೆರೆದಿದೆ, ಅಥವಾ ಫಾರ್ಮ್‌ನಲ್ಲಿ ಉಳಿಯದ ತಿದ್ದುಪಡಿಯಿರುವಾಗಲೇ ಕೋಡ್ ಅದೇ ದಾಖಲೆಯನ್ನು ಬದಲಿಸುತ್ತಿದೆ. ಮೊದಲು ಉಳಿಸಿ, ನಂತರ ಕೋಡ್ ಓಡಿಸಿ. ಎಸ್‌ಕ್ಯೂಎಲ್ ಸರ್ವರ್ ಬಳಸುವವರು ‘ಬಿಟ್’ ಫೀಲ್ಡ್‌ಗಳಲ್ಲಿನ ಖಾಲಿ ಮೌಲ್ಯಗಳನ್ನು 0 ಮಾಡಿ, ಡೀಫಾಲ್ಟ್ ಕೂಡ 0 ಇಟ್ಟು, ಟೇಬಲ್‌ಗೆ ‘ರೋವರ್ಶನ್’ ಫೀಲ್ಡೊಂದನ್ನು ಸೇರಿಸಬೇಕು.

ಹಲವರು ಬಳಸುವ ಡೇಟಾಬೇಸನ್ನು ಎರಡು ಭಾಗ ಮಾಡಿ, ಟೇಬಲ್‌ಗಳ ಕಡತವನ್ನು ಕಚೇರಿಯ ಹಂಚಿದ ಫೋಲ್ಡರಿನಲ್ಲೂ ಫಾರ್ಮ್‌ಗಳ ಕಡತದ ಒಂದೊಂದು ಪ್ರತಿಯನ್ನು ಪ್ರತಿಯೊಬ್ಬರ ಯಂತ್ರದಲ್ಲೂ ಇಡಿ. ಹಂಚಿದ ಕಡತಕ್ಕೆ ವೈಫೈ ಬದಲು ತಂತಿಯ ಸಂಪರ್ಕ ಕೊಡಿ.

## ಹಂತ 9: ಕಾಂಪ್ಯಾಕ್ಟ್ ಮತ್ತು ರಿಪೇರ್

ಹೆಚ್ಚಿನವರು ಇಲ್ಲಿಂದ ಆರಂಭಿಸುತ್ತಾರೆ. ನಾನು ಇದನ್ನು ಬೇಕೆಂದೇ ಕೊನೆಗಿಟ್ಟಿದ್ದೇನೆ, ಏಕೆಂದರೆ ಓದಲು ಮಾತ್ರ ಇರುವ ಕ್ವೆರಿಯಾಗಲಿ ಹಳೆಯ ಪಿನ್‌ಕೋಡ್ ನಿಯಮವಾಗಲಿ ಇದರಿಂದ ಸರಿಯಾಗುವುದಿಲ್ಲ. ಮಳೆಗಾಲದಲ್ಲಿ ನಮೂದಿನ ನಡುವೆಯೇ ವಿದ್ಯುತ್ ಹೋದ ನಂತರ ತೊಂದರೆ ಆರಂಭವಾಗಿದ್ದರೆ, ಕೆಲವು ಸಾಲುಗಳಲ್ಲಿ ವಿಚಿತ್ರ ಚಿಹ್ನೆಗಳು ಅಥವಾ ‘ಎರರ್’ ಎಂಬ ಪದ ಕಾಣುತ್ತಿದ್ದರೆ, ‘ಅನ್‌ರೆಕಗ್ನೈಜ್ಡ್ ಡೇಟಾಬೇಸ್ ಫಾರ್ಮ್ಯಾಟ್’ ಎಂಬ ಸಂದೇಶ ಬಂದರೆ, ಆಗ ಇದು ಸರಿಯಾದ ಔಷಧ.

ಎಲ್ಲರೂ ಹೊರಬರಬೇಕು, ಬೀಗದ ಕಡತ ಮಾಯವಾಗಿರಬೇಕು, ಪ್ರತಿ ತೆಗೆದಿಟ್ಟಿರಬೇಕು. ಕಡತ ಹಂಚಿದ ಫೋಲ್ಡರಿನಲ್ಲಿದ್ದರೆ ಅದನ್ನು ನಿಮ್ಮ ಯಂತ್ರಕ್ಕೆ ತಂದು ಕಾಂಪ್ಯಾಕ್ಟ್ ಮಾಡಿ, ದಾಖಲೆಗಳ ಸಂಖ್ಯೆ ಮೊದಲಿನಷ್ಟೇ ಇದೆಯೆಂದು ನೋಡಿ, ನಂತರ ಹಿಂದಿರುಗಿಸಿ. ಆದರೂ ಸರಿಹೋಗದಿದ್ದರೆ ಹೊಸ ಖಾಲಿ ಡೇಟಾಬೇಸ್ ತೆರೆದು ಹಳೆಯದರ ಟೇಬಲ್, ಕ್ವೆರಿ, ಫಾರ್ಮ್‌ಗಳನ್ನು ಇಂಪೋರ್ಟ್ ಮಾಡಿ. ಯಾವುದು ಬರಲು ನಿರಾಕರಿಸುತ್ತದೆಯೋ ಹಾಳಾಗಿರುವುದು ಅದೇ, ಅದೊಂದನ್ನು ಮಾತ್ರ ಹಳೆಯ ಪ್ರತಿಯಿಂದ ತನ್ನಿ.

## ಹಂತ 10: ದುರಸ್ತಿಯ ನಂತರದ ಪರೀಕ್ಷೆ

ದಿನವೂ ನಮೂದು ಮಾಡುವವರ ಯಂತ್ರದಲ್ಲಿ, ಅವರ ಸ್ವಂತ ಲಾಗಿನ್‌ನಲ್ಲಿ, ಮೆನುವಿನ ಬಟನ್ ಮೂಲಕವೇ ಪರೀಕ್ಷಿಸಿ. ಹೊಸದೊಂದು ದಾಖಲೆ ಸೇರಿಸಿ, ಹಳೆಯದೊಂದನ್ನು ತಿದ್ದಿ, ಫಾರ್ಮ್ ಮುಚ್ಚಿ, ಟೇಬಲ್ ತೆರೆದು ಎರಡೂ ಉಳಿದಿವೆಯೇ ನೋಡಿ. ಇಬ್ಬರು ಬೇರೆ ಬೇರೆ ಯಂತ್ರಗಳಲ್ಲಿ ಒಂದೇ ಹೊತ್ತಿಗೆ ಇದನ್ನೇ ಮಾಡಲಿ.

ಪರೀಕ್ಷೆಯ ದಾಖಲೆಯನ್ನು ಅಳಿಸಿದ ಮೇಲೆ ಆಟೊನಂಬರ್ ಆ ಸಂಖ್ಯೆಯನ್ನು ಮತ್ತೆ ಕೊಡದೆ ಮುಂದಕ್ಕೆ ಸಾಗುತ್ತದೆ. ಅರ್ಧ ತುಂಬಿ ಎಸ್ಕೇಪ್ ಒತ್ತಿದರೂ ಒಂದು ಸಂಖ್ಯೆ ಬಿಟ್ಟುಹೋಗುತ್ತದೆ. ಆದ್ದರಿಂದ ಲೆಕ್ಕಪರಿಶೋಧಕರು ಅನುಕ್ರಮ ಕೇಳುವ ರಸೀದಿಯ ಸಂಖ್ಯೆಗೆ ಆಟೊನಂಬರನ್ನು ಬಳಸುತ್ತಿದ್ದರೆ, ರಸೀದಿಗಾಗಿ ಪ್ರತ್ಯೇಕ ಸಂಖ್ಯಾ ಫೀಲ್ಡ್ ಮಾಡಿ, ಅದಕ್ಕೆ ಪುನರಾವರ್ತನೆಯಾಗದ ಇಂಡೆಕ್ಸ್ ಹಾಕಿ, ದಾಖಲೆ ಉಳಿಯುವ ಕ್ಷಣದಲ್ಲಿ ಹಿಂದಿನ ಅತಿ ದೊಡ್ಡ ಸಂಖ್ಯೆಗೆ ಒಂದು ಕೂಡಿಸಿ ತುಂಬುವಂತೆ ‘ಬಿಫೋರ್ ಅಪ್‌ಡೇಟ್’ನಲ್ಲಿ ಬರೆಯಿರಿ.